ಹದಿಹರೆಯದ ಚಿತ್ರಗಳು: ನೆನಪೋ ಹಂಬಲವೋ?
(ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಪರಿಸರದ ಹಿನ್ನೆಲೆಯಲ್ಲಿ ಒಂದು ವಿವೇಚನೆ)

'ಹದಿಹರೆಯ' ಎಂಬುದು ಕನ್ನಡದಲ್ಲಿ ಈಚೆಗೆ ರೂಢಿಗೆ ಬಂದ ಪದ. 'ಹರೆಯ', 'ಪ್ರಾಯ' ಎಂಬ ಪದಗಳು ಹಳೆಯವು. ಅವು ದೇಹ ಮತ್ತು ಮನಸ್ಸುಗಳ ಒಂದು ಸ್ಥಿತಿಯನ್ನು ಸೂಚಿಸುತ್ತವೆಯೇ ಹೊರತು ವರ್ಷಗಳ ಲೆಕ್ಕವನ್ನಲ್ಲ. ಇಂಗ್ಲಿಷಿನ 'ಟೀನೇಜ್' ಪದಕ್ಕೆ ಸಂವಾದಿಯೊಂದು ಬೇಕಾದಾಗ ಹರೆಯಕ್ಕೆ ಲೆಕ್ಕವನ್ನು ಜೋಡಿಸಲಾಯಿತು. ಇಂಗ್ಲಿಷಿನ ಎಣಿಕೆ ಹತ್ತೊಂಬತ್ತರವರೆಗೆ ಸಾಗಿದರೆ ಕನ್ನಡದ 'ಹದಿ' ಹದಿನೆಂಟಕ್ಕೇ ನಿಲ್ಲುತ್ತದೆ. ಹೆಣ್ಣಿನ ಮದುವೆಗೆ ಕಾಯಿದೆ ಒಪ್ಪುವ ವಯಸ್ಸೂ ಅದೇ ಆಗಿರುವುದು ಕಾಕತಾಳೀಯವಷ್ಟೆ. ಆದರೂ ಈ ಆಕಸ್ಮಿಕದಲ್ಲಿ ಒಂದು ಸಾಮಾಜಿಕ ಸತ್ಯ ಅಡಗಿದೆ. ಬಾಲ್ಯಕ್ಕೂ ಸಂಸಾರಕ್ಕೂ ನಡುವೆ ಇರುವ ಬಿಡುವಿನ ಅವಧಿ ಎಲ್ಲರಿಗೂ ಸಮನಾಗಿ ದೊರೆತಿಲ್ಲ. ಅದು ದೊರೆತವರಿಗೂ ಬಹುಮಟ್ಟಿಗೆ ದೊರೆತದ್ದು ಪ್ರೌಢಶಾಲೆಯ ಮೂಲಕವೇ.

ಪ್ರೌಢಶಾಲೆ ಮತ್ತು ಕಾಲೇಜಿನ ದಿನಗಳನ್ನು ಕುರಿತ ಚಲನಚಿತ್ರಗಳು ಏಕೆ ಹಳತಾಗುವುದಿಲ್ಲ ಎಂಬ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ಎತ್ತಿಕೊಳ್ಳಬೇಕಾಗಿದೆ. ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ 'ನೆನಪು'. ಪ್ರೇಕ್ಷಕನು ತಾನು ಕಳೆದ ದಿನಗಳನ್ನು ತೆರೆಯ ಮೇಲೆ ಮತ್ತೆ ಕಂಡು ಸಂತೋಷಪಡುತ್ತಾನೆ ಎಂಬುದು ಆ ಉತ್ತರದ ಸಾರ. ಇದು ತಪ್ಪಲ್ಲ, ಆದರೆ ಆ ದಿನಗಳನ್ನು ಪೂರ್ತಿಯಾಗಿ ಕಳೆದವರಿಗೆ ಮಾತ್ರ ಅನ್ವಯಿಸುವಂಥದು. ಶಾಲೆ ಅರ್ಧಕ್ಕೆ ನಿಂತವರೂ ಅದೇ ಚಿತ್ರಗಳನ್ನು ಅಷ್ಟೇ ಆಸೆಯಿಂದ ನೋಡುತ್ತಾರೆ. ಅವರ ಆಸೆಯನ್ನು ನೆನಪು ವಿವರಿಸಲಾರದು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಪರಿಸರದಿಂದ ನೋಡಿದಾಗ ಬೇರೊಂದು ಉತ್ತರ ಹೊಳೆಯುತ್ತದೆ: ಈ ಚಿತ್ರಗಳ ಆಕರ್ಷಣೆಯ ಮೂಲ ಕಳೆದುಹೋದುದರ ನೆನಪಲ್ಲ, ದೊರೆಯಬೇಕಾಗಿದ್ದುದರ ಹಂಬಲ.

ನಾಲ್ಕು ತಾಲ್ಲೂಕುಗಳಲ್ಲಿ ಪ್ರೌಢಶಾಲೆ

ಇಂಡಿ ಮತ್ತು ಸಿಂದಗಿ ತಾಲ್ಲೂಕುಗಳು ಭೀಮಾ ನದಿಯ ಕಡೆಗಿವೆ. ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗಳು ಕೃಷ್ಣೆಯ ಕಡೆಗಿವೆ. ಈಚಿನ ವರ್ಷಗಳಲ್ಲಿ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಮೊದಲಾದವು ಪ್ರತ್ಯೇಕ ತಾಲ್ಲೂಕುಗಳಾಗಿದ್ದರೂ ಜನರ ಒಡನಾಟದಲ್ಲಿ ಹಳೆಯ ನಾಲ್ಕು ಹೆಸರುಗಳೇ ಉಳಿದಿವೆ. ಪ್ರಾದೇಶಿಕ ಅಸಮತೋಲನವನ್ನು ಕುರಿತು 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ಈ ತಾಲ್ಲೂಕುಗಳನ್ನು ಹಿಂದುಳಿದವುಗಳ ಸಾಲಿನಲ್ಲಿ ಸೇರಿಸಿತು. ಮಳೆ ಕೈಕೊಟ್ಟ ವರ್ಷ ದುಡಿಮೆಯನ್ನರಸಿ ಮಹಾರಾಷ್ಟ್ರ, ಗೋವಾ, ಬೆಂಗಳೂರುಗಳಿಗೆ ಗುಳೆ ಹೋಗುವ ಕುಟುಂಬಗಳು ಇಲ್ಲಿ ಇಂದಿಗೂ ಇವೆ. ಹಾಗೆ ಹೊರಟ ಕುಟುಂಬದ ಮಕ್ಕಳ ಶಾಲೆ ನಡುವರ್ಷದಲ್ಲೇ ನಿಲ್ಲುತ್ತದೆ.

ಮುಂಬಯಿ ಪ್ರಾಂತದ ಕಾಲದಲ್ಲಿ ಈ ಭಾಗದ ಹಳ್ಳಿಗಳ ಓದು 'ಮುಲ್ಕಿ' ಪರೀಕ್ಷೆಯೊಂದಿಗೆ ಮುಗಿಯುತ್ತಿತ್ತು. ಮುಲ್ಕಿ ಪಾಸಾದವನು ಮಾಸ್ತರನಾಗಬಹುದಾಗಿತ್ತು. ಅದರಾಚೆಗಿನ ಹೈಸ್ಕೂಲು ಪಟ್ಟಣದ್ದು, ಅನುಕೂಲಸ್ಥರದು, ಅದಕ್ಕಿಂತ ಹೆಚ್ಚಾಗಿ ಗಂಡುಮಕ್ಕಳದು. ಹೆಣ್ಣುಮಗಳಿಗೆ ಬಾಲ್ಯ ಮತ್ತು ಗಂಡನ ಮನೆಯ ನಡುವೆ ಇದ್ದುದು 'ತವರು' ಎಂಬ ಒಂದೇ ತಾಣ. ಅಂದಿನ ಇಂಡಿ ತಾಲ್ಲೂಕಿನ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಈ ಬದುಕಿನ ದೊಡ್ಡ ದಾಖಲೆ. ತಾಯಿ, ಅಣ್ಣ, ತವರಿನ ದಾರಿ, ಗಂಡನ ಮನೆ, ತೊಟ್ಟಿಲ ಕೂಸು, ಇವೆಲ್ಲ ಅಲ್ಲಿವೆ. ತಾನು ಯಾರಾಗಬೇಕು ಎಂದು ಯೋಚಿಸಲು ಬಿಡುವಿರುವ ವಯಸ್ಸಿಗೆ ಅಂದಿನ ಬದುಕು ಎಡೆ ಕೊಟ್ಟಿರಲಿಲ್ಲ. ಪ್ರೌಢಶಾಲೆ ಬಂದ ಮೇಲೆ ಆ ಬಿಡುವು ಮೊದಲ ಬಾರಿಗೆ ಒಂದು ರೂಪ ಪಡೆಯಿತು. ಬಸ್ ಪಾಸು, ಸಮವಸ್ತ್ರ, ಬೆಂಚು, ಹಾಜರಿಯ ಕರೆ, ಪರೀಕ್ಷೆಯ ನಂಬರು ಆ ರೂಪದ ಗುರುತುಗಳು. 2006-07ರಲ್ಲಿ ರಾಜ್ಯ ಸರಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿದಾಗ, ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಯ ಪ್ರೌಢಶಾಲೆಗೆ ಹುಡುಗಿಯರು ಸಾಲಾಗಿ ಸೈಕಲ್ ತುಳಿಯುವ ನೋಟ ಈ ಬಯಲಿನಲ್ಲಿ ಹೊಸದಾಗಿತ್ತು.

ಶಾಲೆಯ ನೆನಪು ಎಲ್ಲರಿಗೂ ಸಿಹಿಯಾಗಿಯೇ ಇರುತ್ತದೆ ಎಂಬ ಭಾವನೆಯನ್ನೂ ಈ ನೆಲದ ಬರವಣಿಗೆ ಪ್ರಶ್ನಿಸಿದೆ. ಮುದ್ದೇಬಿಹಾಳದಲ್ಲಿ 1956ರಲ್ಲಿ ಜನಿಸಿದ ಅರವಿಂದ ಮಾಲಗತ್ತಿಯವರ ಆತ್ಮಕಥನ 'ಗೌರ್ಮೆಂಟ್ ಬ್ರಾಹ್ಮಣ' (1994) ದಲಿತ ಬಾಲಕನ ಶಾಲೆಯ ದಿನಗಳನ್ನು ಅವಮಾನದ ದಾಖಲೆಯಾಗಿಯೂ ಕಟ್ಟಿಕೊಡುತ್ತದೆ. ಇನ್ನು ಕೃಷ್ಣಾ ತೀರದಲ್ಲಿ ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಕೊಲ್ಹಾರವೂ ಸೇರಿದಂತೆ ಹಲವು ಊರುಗಳು ಮುಳುಗಿದವು. ಪುನರ್ವಸತಿ ಕೇಂದ್ರಗಳಿಗೆ ಬಂದವರಿಗೆ ಮರಳಿ ನೋಡಲು ಹಳೆಯ ಶಾಲೆಯ ಕಟ್ಟಡವೇ ಉಳಿಯಲಿಲ್ಲ.

ಈ ಭಾಗದಲ್ಲಿ ಈಚೆಗೆ ಹೆಚ್ಚಾಗಿ ನಡೆಯುವ 'ಗುರುವಂದನೆ ಮತ್ತು ಸ್ನೇಹ ಸಮ್ಮಿಲನ'ಗಳನ್ನೂ ಇಲ್ಲಿ ಗಮನಿಸಬಹುದು. ಒಂದೇ ವರ್ಷ ಎಸ್ಸೆಸ್ಸೆಲ್ಸಿ ಓದಿದವರು ದಶಕಗಳ ಅನಂತರ ಕೂಡಿ, ಮಾಸ್ತರರಿಗೆ ಶಾಲು ಹೊದಿಸಿ, ಹಳೆಯ ವರ್ಗಕೋಣೆಯಲ್ಲಿ ಕುಳಿತು ಹಾಜರಿ ಹೇಳಿಸಿಕೊಳ್ಳುತ್ತಾರೆ. ಇದು ನೆನಪಿನ ಹಬ್ಬ. ಎಂಟನೆಯ, ಒಂಬತ್ತನೆಯ ತರಗತಿಯಲ್ಲಿ ಬಿಟ್ಟುಹೋದವರ ಹೆಸರು ಈ ಹಾಜರಿಯಲ್ಲಿ ಬರುವುದಿಲ್ಲ. ಹಾಜರಿಯಿಂದ ಬಿಟ್ಟುಹೋದ ಈ ಪ್ರೇಕ್ಷಕರಿಗೆ ಸಿನಿಮಾ ಏನನ್ನು ನೀಡಿತು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಒಂದು ಕಥೆ, ಎರಡು ಫಲ

ಶಾಲಾ ಚಿತ್ರವೆಂಬ ಪ್ರಕಾರ ಬೆಳೆದದ್ದು ಅಮೆರಿಕದಲ್ಲಿ. 1955ರಲ್ಲಿ ತೆರೆಕಂಡ 'ಬ್ಲ್ಯಾಕ್‌ಬೋರ್ಡ್ ಜಂಗಲ್' ಮತ್ತು 'ರೆಬೆಲ್ ವಿದೌಟ್ ಎ ಕಾಸ್' ಚಿತ್ರಗಳಲ್ಲಿ ಹದಿಹರೆಯದವರು ಸಮಾಜದ ಸಮಸ್ಯೆಯಾಗಿ ಕಾಣಿಸಿಕೊಂಡರು. 1978ರ 'ಗ್ರೀಸ್' ಬರುವ ಹೊತ್ತಿಗೆ ಅದೇ ಐವತ್ತರ ದಶಕ ಹಾಡು ಕುಣಿತಗಳ ಸವಿನೆನಪಾಗಿ ಮಾರ್ಪಟ್ಟಿತ್ತು. ಅದರ ಮುಂದುವರಿಕೆಯಾದ 'ಗ್ರೀಸ್ 2' (1982) ಅಲ್ಲಿನ ಚಿತ್ರಮಂದಿರಗಳಲ್ಲಿ ನಿರೀಕ್ಷಿತ ಯಶಸ್ಸು ಕಾಣಲಿಲ್ಲ.

ಅದರ ಪ್ರೇರಣೆಯಿಂದಲೇ ವಿ. ರವಿಚಂದ್ರನ್ ಅವರು 1987ರಲ್ಲಿ ನಿರ್ದೇಶಿಸಿದ 'ಪ್ರೇಮಲೋಕ' ಕನ್ನಡ ಚಿತ್ರರಂಗದ ದಿಕ್ಕನ್ನೇ ಬದಲಿಸಿತು. ಹಂಸಲೇಖರ ಗೀತ-ಸಂಗೀತ, ಕಾಲೇಜಿನ ಅಂಗಳ, ಮೋಟಾರ್ ಬೈಕ್, ಪಾಠವೇ ಹಾಡಾಗುವ ತರಗತಿಗಳು ನಾಡಿನ ಮೂಲೆಮೂಲೆಗೂ ತಲುಪಿದವು. ಒಂದೇ ಕಥಾಬೀಜ ಒಂದು ದೇಶದಲ್ಲಿ ಸೊರಗಿ ಇನ್ನೊಂದರಲ್ಲಿ ಹುಲುಸಾಗಿ ಬೆಳೆದದ್ದಕ್ಕೆ ಸಂಗೀತವೊಂದನ್ನೇ ಕಾರಣವಾಗಿ ಹೇಳಿದರೆ ಸಾಲದು. ಅಮೆರಿಕದ ಪ್ರೇಕ್ಷಕರಿಗೆ 'ಗ್ರೀಸ್ 2' ಒಮ್ಮೆ ಸವಿದ ನೆನಪಿನ ಎರಡನೆಯ ಬಡಿಸುವಿಕೆಯಾಗಿತ್ತು. ಕನ್ನಡದ ಪ್ರೇಕ್ಷಕರಲ್ಲಿ ಬಹುಪಾಲು ಜನರಿಗೆ 'ಪ್ರೇಮಲೋಕ'ದ ಕಾಲೇಜು ನೆನಪೇ ಆಗಿರಲಿಲ್ಲ. ಅಂಥ ಕಾಲೇಜು ಎಲ್ಲಿಯೂ ಇರಲಿಲ್ಲ. ಇರಬೇಕಿತ್ತು ಎಂಬ ಬಯಕೆ ಮಾತ್ರ ಇತ್ತು. ಜಾತಿಯ ಹೆಸರೆತ್ತದ, ಹುಡುಗ ಹುಡುಗಿ ಮಾತಾಡಿದರೆ ಊರು ಸೇರದ ಲೋಕವೊಂದನ್ನು ಆ ಚಿತ್ರ ಹಾಡುಗಳ ಆಸರೆಯಲ್ಲಿ ಕಟ್ಟಿತು. ಇಂಡಿ, ಸಿಂದಗಿಗಳಂಥ ಊರುಗಳ ಶಾಲೆಗಳಲ್ಲಿ 'ಗ್ಯಾದರಿಂಗ್' ಎಂದು ಕರೆಯುವ ವಾರ್ಷಿಕೋತ್ಸವದ ವೇದಿಕೆಗೆ ಸಿನಿಮಾ ಹಾಡುಗಳು ಏರಿದ್ದೂ ಇದೇ ಬಯಕೆಯಿಂದ. ಉಳಿದ ದಿನ ಬೇರೆ ಬೇರೆ ಸಾಲಿನಲ್ಲಿ ಕೂಡುವವರು ಆ ಒಂದು ರಾತ್ರಿ ಒಂದೇ ಹಾಡಿಗೆ ಹೆಜ್ಜೆ ಹಾಕಲು ಅನುಮತಿ ಇರುತ್ತದೆ.

ಗೋಡೆ ಎಲ್ಲಿದೆ?

ಜಾನ್ ಹ್ಯೂಸ್ ನಿರ್ದೇಶನದ 'ದಿ ಬ್ರೇಕ್‌ಫಾಸ್ಟ್ ಕ್ಲಬ್' (1985) ಈ ಪ್ರಕಾರದ ಮುಖ್ಯ ಕೃತಿಗಳಲ್ಲೊಂದು. ತಪ್ಪಿಗೆ ಶಿಕ್ಷೆಯಾಗಿ ಐವರು ವಿದ್ಯಾರ್ಥಿಗಳು ಒಂದು ಶನಿವಾರವಿಡೀ ಶಾಲೆಯ ಗ್ರಂಥಾಲಯದಲ್ಲಿ ಉಳಿಯಬೇಕಾಗುತ್ತದೆ. ಪರಸ್ಪರ ಮಾತಾಡದ ಗುಂಪುಗಳಿಗೆ ಸೇರಿದ ಅವರು ಸಂಜೆಯ ಹೊತ್ತಿಗೆ ಮಿತ್ರರಾಗುತ್ತಾರೆ. ಆಗ ಅವರಲ್ಲೇ ಏಳುವ ಪ್ರಶ್ನೆ: ಸೋಮವಾರ ಎದುರಾದಾಗ ಒಬ್ಬರನ್ನೊಬ್ಬರು ಮಾತಾಡಿಸುವೆವೇ? ಜಗತ್ತಿನ ಶಾಲಾ ಚಿತ್ರಗಳ ತಿರುಳೆಲ್ಲ ಈ ಪ್ರಶ್ನೆಯಲ್ಲಿದೆ. ಅಮೆರಿಕದ ಚಿತ್ರಗಳಲ್ಲಿ ಬೇಧದ ಗೋಡೆ ಶಾಲೆಯ ಒಳಗಿರುತ್ತದೆ. ಭಾರತದ ಚಿತ್ರಗಳಲ್ಲಿ ಅದು ಹೆಚ್ಚಾಗಿ ಶಾಲೆಯ ಹೊರಗಿರುತ್ತದೆ. ಇಲ್ಲಿ ಶಾಲೆಯೇ ಆ ಶನಿವಾರ; ಊರು ಸೋಮವಾರ.

ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ಈ ಸೋಮವಾರವನ್ನು ಕನ್ನಡದಲ್ಲಿ ಗಂಭೀರವಾಗಿ ಎದುರಿಸಿದ ಚಿತ್ರ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿದ ಈ ಚಿತ್ರದ ರಾಮಾಚಾರಿ ತರಗತಿಯಲ್ಲಿ ನಕಲು ಮಾಡಿ ಸಿಕ್ಕಿಬೀಳುವ ವಿದ್ಯಾರ್ಥಿಯಾಗಿ ಪರಿಚಯವಾಗುತ್ತಾನೆ. ಅವನನ್ನು ಪ್ರೀತಿಯಿಂದ ಕಂಡವರಲ್ಲಿ ಮುಖ್ಯರು ಚಾಮಯ್ಯ ಮೇಷ್ಟ್ರು. ಆದರೆ ಜಾತಿ ಬೇರೆ ಎಂಬ ಕಾರಣಕ್ಕೆ ಅವನ ಪ್ರೇಮವನ್ನು ತ್ಯಾಗ ಮಾಡಿಸುವವರೂ ಅವರೇ. ಶಿಷ್ಯನನ್ನು ಊರು ದೂರವಿಟ್ಟಾಗ ಅವನ ಪರ ನಿಂತ ಗುರು, ಊರಿನ ಕಟ್ಟಳೆಗೆ ಎದುರು ನಿಲ್ಲಬೇಕಾದಾಗ ಊರಿನ ಪರವಾಗುತ್ತಾರೆ. ಗುರು, ಶಿಷ್ಯ, ಪ್ರೇಯಸಿ ಮೂವರೂ ಬೆಟ್ಟದ ಮೇಲೆ ಇಲ್ಲವಾಗುವ ಕೊನೆಯನ್ನು ಗುರುಭಕ್ತಿಯ ದುರಂತವೆಂದು ಓದುವುದು ವಾಡಿಕೆ. ಅದನ್ನು ಶಾಲೆಯ ದುರಂತವೆಂದೂ ಓದಬಹುದು. ತರಗತಿಯಲ್ಲಿ ಕಲಿಸಿದ ಸಮಾನತೆಯನ್ನು ತರಗತಿಯ ಹೊರಗೆ ಕಾಯಲು ಶಾಲೆಗೆ ಸಾಧ್ಯವಾಗಲಿಲ್ಲ.

ಭೀಮೆಯ ಆಚೆ ದಡ

ಇಂಡಿ ಭಾಗದವರಿಗೆ ಸೋಲಾಪುರ ಪರಊರಲ್ಲ. ವ್ಯಾಪಾರ, ಚಿಕಿತ್ಸೆ, ದುಡಿಮೆ, ನಂಟಸ್ತಿಕೆಗಳಿಂದ ಭೀಮೆಯ ಎರಡೂ ದಡಗಳು ಬೆಸೆದುಕೊಂಡಿವೆ. ಹೀಗಾಗಿ ಸೋಲಾಪುರ ಜಿಲ್ಲೆಯ ಕರಮಾಳ ಪರಿಸರದಿಂದ ಬಂದ ನಾಗರಾಜ ಮಂಜುಳೆ ಅವರ ಮರಾಠಿ ಚಿತ್ರಗಳು ಈ ತಾಲ್ಲೂಕುಗಳ ಬದುಕಿಗೆ ಬೆಂಗಳೂರಿನ ಚಿತ್ರಗಳಿಗಿಂತ ಹತ್ತಿರವಾಗಿವೆ. 'ಫಂಡ್ರಿ'ಯಲ್ಲಿ (2013) ಮೇಲುಜಾತಿಯ ಸಹಪಾಠಿಯನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡ ಹುಡುಗ, ಶಾಲೆಯ ಮಕ್ಕಳೆಲ್ಲ ನೋಡುತ್ತಿರುವಾಗ ಹಂದಿ ಹಿಡಿಯಬೇಕಾಗುತ್ತದೆ. ಒಳಗಿನ ಸಹಪಾಠಿಗಳು ಹೊರಗೆ ನಗುವ ಗುಂಪಾಗುತ್ತಾರೆ.

ಮರಾಠಿ ಚಿತ್ರರಂಗದಲ್ಲಿ ಗಳಿಕೆಯ ದಾಖಲೆ ಬರೆದ 'ಸೈರಾಟ್' (2016) ಇದೇ ಪ್ರಶ್ನೆಯನ್ನು ವಿಸ್ತರಿಸುತ್ತದೆ. ಅದರ ಪೂರ್ವಾರ್ಧ ಕಾಲೇಜು ಚಿತ್ರಗಳ ಎಲ್ಲ ಸಂತೋಷಗಳನ್ನೂ ಧಾರಾಳವಾಗಿ ನೀಡುತ್ತದೆ. ಆದರೆ ಆ ಸಂತೋಷದ ನಡುವೆಯೇ ಒಂದು ದೃಶ್ಯ ಬರುತ್ತದೆ. ಊರ ಧಣಿಯ ಮಗ ತರಗತಿಯಲ್ಲೇ ಅಧ್ಯಾಪಕನ ಕೆನ್ನೆಗೆ ಹೊಡೆಯುತ್ತಾನೆ. ಚಾಮಯ್ಯ ಮೇಷ್ಟ್ರಿಗೆ ಊರಿನಲ್ಲಿ ಮಾತಿನ ಬಲವಾದರೂ ಇತ್ತು. ಈ ಅಧ್ಯಾಪಕನಿಗೆ ತನ್ನ ತರಗತಿಯಲ್ಲೇ ಅದಿಲ್ಲ. ಹೊರಗಿನ ಗೋಡೆ ಒಳಗೆ ಬಂದುಬಿಟ್ಟಿದೆ ಎಂಬುದನ್ನು ಚಿತ್ರ ಅಲ್ಲಿಯೇ ಹೇಳಿರುತ್ತದೆ. ಉತ್ತರಾರ್ಧದ ಹೈದರಾಬಾದು, ದುಡಿಮೆ, ಪುಟ್ಟ ಸಂಸಾರ, ಮೌನದಲ್ಲಿ ಮುಗಿಯುವ ಹತ್ಯೆ ಅದರ ಫಲ.

ಇದೇ ಚಿತ್ರ ಎಸ್. ನಾರಾಯಣ್ ನಿರ್ದೇಶನದಲ್ಲಿ 'ಮನಸು ಮಲ್ಲಿಗೆ' (2017) ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದಿತು. ನಾಯಕಿ ರಿಂಕು ರಾಜಗುರು, ಅಜಯ್-ಅತುಲ್ ಸಂಗೀತ ಎಲ್ಲವೂ ಇದ್ದರೂ ಮೂಲದ ಪರಿಣಾಮ ಉಂಟಾಗಲಿಲ್ಲ. ಮೂಲದ ಜೀವ ಕಥೆಯಲ್ಲಿ ಮಾತ್ರ ಇರಲಿಲ್ಲ, ಸೋಲಾಪುರ ಸೀಮೆಯ ಆಡುಮಾತಿನಲ್ಲಿಯೂ ಇತ್ತು. ಒರಟೆಂದು ಪುಣೆ, ಮುಂಬಯಿಗಳು ನಕ್ಕ ಮಾತಿನಲ್ಲೇ ಅಲ್ಲಿನ ನಾಯಕಿ ಪ್ರೀತಿಸುತ್ತಾಳೆ, ಜಗಳವಾಡುತ್ತಾಳೆ, ಅಪ್ಪಣೆ ಕೊಡುತ್ತಾಳೆ. ಕನ್ನಡ ಚಿತ್ರರಂಗದಲ್ಲಿ ವಿಜಯಪುರ ಭಾಗದ ಮಾತು ಬಹುಮಟ್ಟಿಗೆ ಹಾಸ್ಯಪಾತ್ರಗಳ ಬಾಯಲ್ಲೇ ಉಳಿದಿದೆ. ಚಿತ್ರದುರ್ಗದ ರಾಮಾಚಾರಿಗೂ ಕಾಸರಗೋಡಿನ ಶಾಲಾ ಮಕ್ಕಳಿಗೂ ತೆರೆಯ ಮೇಲೆ ಹರೆಯ ದೊರೆತಿದೆ. ಭೀಮಾ-ಕೃಷ್ಣೆಗಳ ನಡುವಿನ ಹುಡುಗಿಗೆ ತನ್ನ ಮಾತಿನಲ್ಲಿ ಹರೆಯವನ್ನು ಆಡಿತೋರಿಸುವ ಅವಕಾಶ ಸಾಕಷ್ಟು ದೊರೆತಿಲ್ಲ. ಆಚೆ ದಡದ ಚಿತ್ರ ಈಚೆ ದಡಕ್ಕೆ ಆಪ್ತವೆನಿಸುವುದಕ್ಕೆ ಈ ಕೊರತೆಯೂ ಕಾರಣ.

ಅವಳು ಪರೀಕ್ಷೆ ಬರೆದಳೇ?

ಇಂಥ ಚಿತ್ರಗಳನ್ನು ಕುರಿತು ಈ ಭಾಗದ ಪಾಲಕರಲ್ಲಿ ಒಂದು ಆತಂಕವಿದೆ. ಸಿನಿಮಾ ನೋಡಿ ಮಕ್ಕಳು ಕೆಡುತ್ತಾರೆ, ಹೈಸ್ಕೂಲಿಗೆ ಕಳುಹಿಸಿದರೆ ಪ್ರೇಮಪ್ರಕರಣಗಳಾಗುತ್ತವೆ, ಆದ್ದರಿಂದ ಹುಡುಗಿಯನ್ನು ಬಿಡಿಸಿ ಬೇಗ ಮದುವೆ ಮಾಡುವುದೇ ಲೇಸು ಎಂಬುದು ಆ ಆತಂಕ ತಲುಪುವ ತೀರ್ಮಾನ. ವಿಮರ್ಶೆ ಇದನ್ನು ಅಜ್ಞಾನವೆಂದು ತಳ್ಳಿಹಾಕಬಾರದು, ಹಾಗೆಯೇ ಒಪ್ಪಿಕೊಳ್ಳಲೂಬಾರದು. ಆತಂಕಕ್ಕೆ ಚಿತ್ರಗಳು ಕಾರಣ ಒದಗಿಸಿರುವುದು ಪ್ರೀತಿಯನ್ನು ತೋರಿಸಿದ್ದರಿಂದಲ್ಲ, ಪ್ರೀತಿ ಬಂದೊಡನೆ ಹುಡುಗಿಯ ಓದನ್ನು ಮರೆತುಬಿಟ್ಟಿದ್ದರಿಂದ.

ಆದ್ದರಿಂದ ಶಾಲಾ ಚಿತ್ರಗಳನ್ನು ಅಳೆಯಲು ಒಂದು ಸರಳ ಪ್ರಶ್ನೆಯನ್ನು ಮುಂದಿಡಬಹುದು: ನಾಯಕಿ ಪರೀಕ್ಷೆ ಬರೆಯುತ್ತಾಳೆಯೇ? ತಮಿಳಿನ 'ಕಾದಲ್' (2004) ಆಧರಿಸಿದ 'ಚೆಲುವಿನ ಚಿತ್ತಾರ' (2007) ಚಿತ್ರದಲ್ಲಿ ಶಾಲೆಗೆ ಹೋಗುವ ಹುಡುಗಿ ಮೆಕ್ಯಾನಿಕ್ ಯುವಕನೊಡನೆ ಊರು ಬಿಡುತ್ತಾಳೆ. ಪ್ರೇಕ್ಷಕರ ಕಣ್ಣೀರು ಮುಖ್ಯವಾಗಿ ಯುವಕನ ಪಾಡಿಗೆ ಮೀಸಲಾಗುತ್ತದೆ. ಹುಡುಗಿಯ ನಿಂತುಹೋದ ಓದಿಗಾಗಿ ಯಾರೂ ಅಳುವುದಿಲ್ಲ. 'ಸೈರಾಟ್'ನ ಆರ್ಚಿ ಬುಲೆಟ್ ಓಡಿಸುತ್ತಾಳೆ, ಟ್ರ್ಯಾಕ್ಟರ್ ನಡೆಸುತ್ತಾಳೆ. ಅವಳ ಕಾಲೇಜೂ ಅರ್ಧಕ್ಕೇ ನಿಲ್ಲುತ್ತದೆ. ಆದರೆ ಅಲ್ಲಿ ಚಿತ್ರ ಆ ನಷ್ಟವನ್ನು ನಷ್ಟವೆಂದೇ ತೋರಿಸುತ್ತದೆ. ಆ ಪಾತ್ರವನ್ನು ಮಾಡಿದ ಅಕಲೂಜದ ರಿಂಕು ರಾಜಗುರು ಶಾಲಾ ಬಾಲಕಿಯಾಗಿದ್ದರು. ಚಿತ್ರದ ಜನಪ್ರಿಯತೆಯಿಂದಾಗಿ ದಿನವೂ ಶಾಲೆಗೆ ಹೋಗುವುದು ಕಷ್ಟವಾದರೂ ಅವರು 2017ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಬರೆದು ಉತ್ತೀರ್ಣರಾದರು. ಆರ್ಚಿಗೆ ಕಥೆಯಲ್ಲಿ ದೊರೆಯದದ್ದು ನಟಿಗೆ ಬದುಕಿನಲ್ಲಿ ದೊರೆಯಿತು.

ರೂಪಾ ರಾವ್ ನಿರ್ದೇಶನದ 'ಗಂಟುಮೂಟೆ' (2019) ಈ ದೃಷ್ಟಿಯಿಂದ ಮಹತ್ವದ ಹೆಜ್ಜೆ. ತೊಂಬತ್ತರ ದಶಕದ ಬೆಂಗಳೂರಿನ ಪ್ರೌಢಶಾಲೆಯ ಹುಡುಗಿ ಮೀರಾ ಇಲ್ಲಿ ನೋಡಲ್ಪಡುವ ವಸ್ತುವಲ್ಲ, ನೋಡುವವಳು. ಅವಳ ದನಿಯಲ್ಲೇ ಕಥೆ ಸಾಗುತ್ತದೆ. ಅವಳು ಸಿನಿಮಾದ ಹುಚ್ಚಿನವಳು. ತೆರೆಯ ಮೇಲಿನ ನಾಯಕನನ್ನು ತರಗತಿಯಲ್ಲಿ ಹುಡುಕುತ್ತಾಳೆ. ತನ್ನ ಹರೆಯವನ್ನು ತಾನೇ ಹೇಳಿಕೊಳ್ಳುವ ಹಕ್ಕು ಹುಡುಗಿಗೆ ಇಲ್ಲಿ ದೊರೆತಿದೆ. ರಿಷಬ್ ಶೆಟ್ಟಿ ಅವರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' (2018) ಚಿತ್ರದಲ್ಲಿ ಎಳೆಯ ಆಕರ್ಷಣೆ ಇದೆ, ತುಂಟತನವಿದೆ, ಆದರೆ ಕೇಂದ್ರದಲ್ಲಿರುವುದು ಕನ್ನಡ ಶಾಲೆ ಉಳಿಯುವುದೇ ಎಂಬ ಪ್ರಶ್ನೆ. ಶಾಲೆಯೇ ಇಲ್ಲದಿದ್ದರೆ ಶಾಲೆಯ ದಿನಗಳೂ ಇರುವುದಿಲ್ಲ ಎಂಬುದನ್ನು ಗಡಿನಾಡಿನ ಆ ಚಿತ್ರ ನೆನಪಿಸಿತು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನಾಧರಿಸಿ ಶಶಾಂಕ್ ಸೋಗಾಲ್ ನಿರ್ದೇಶಿಸಿದ 'ಡೇರ್‌ಡೆವಿಲ್ ಮುಸ್ತಾಫಾ' (2023) ಮುಸ್ಲಿಂ ವಿದ್ಯಾರ್ಥಿಯೊಬ್ಬ ತರಗತಿಗೆ ಬಂದಾಗ ಉಳಿದವರಲ್ಲಿ ಹುಟ್ಟುವ ಅನುಮಾನ ಸ್ನೇಹವಾಗಿ ಮಾಗುವುದನ್ನು ನಗೆಯೊಂದಿಗೆ ಹೇಳುತ್ತದೆ. ತೇಜಸ್ವಿಯವರ ಅಭಿಮಾನಿಗಳೇ ಹಣ ಕೂಡಿಸಿ ಅದನ್ನು ನಿರ್ಮಿಸಿದ್ದು ಗಮನಾರ್ಹ. ಅಂಥ ತರಗತಿಯೊಂದು ಬೇಕೆಂಬ ಹಂಬಲ ಜನರಲ್ಲಿದೆ ಎಂಬುದಕ್ಕೆ ಅದು ಸಾಕ್ಷಿ.

ಉಪಸಂಹಾರ

ನೆನಪು ಕಾಲಕ್ರಮೇಣ ಮಾಸುತ್ತದೆ. ಪೂರೈಸದ ಹಂಬಲ ಮಾಸುವುದಿಲ್ಲ. ಶಾಲಾ ಚಿತ್ರಗಳ ಬಾಳಿಕೆಯ ಗುಟ್ಟು ಇಲ್ಲಿದೆ. ಜಾತಿ, ಧರ್ಮ, ಲಿಂಗಗಳ ಬೇಧವನ್ನು ಬದಿಗಿಟ್ಟು ಒಂದೇ ಸೂರಿನಡಿ ಕೂಡಿಸುವ ಮಾತನ್ನು ನಮ್ಮ ಸಮಾಜದಲ್ಲಿ ಪ್ರತಿ ಊರಿಗೂ ತಲುಪಿಸಿದ್ದು ಶಾಲೆ. ಆ ಮಾತನ್ನು ಅದು ಎಲ್ಲ ಕಡೆ ಉಳಿಸಿಕೊಂಡಿಲ್ಲವೆಂಬುದಕ್ಕೆ ಮುದ್ದೇಬಿಹಾಳದ ಆತ್ಮಕಥನವೇ ಸಾಕ್ಷಿ. ಆದರೂ ಶಾಲೆ ಕೊಟ್ಟ ಮಾತನ್ನು ಜನ ಮರೆತಿಲ್ಲ. ಪ್ರತಿ ತಲೆಮಾರೂ ಅದನ್ನು ತೆರೆಯ ಮೇಲೆ ಮತ್ತೆ ಕೇಳಬಯಸುತ್ತದೆ.

ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆಲಕ್ಕೆ, ಎಲ್ಲರೂ ಸಮನಾಗಿ ಕೂಡಿ ಕುಳಿತು ಮಾತಾಡುವ ಕಲ್ಪನೆ ಹೊಸದಲ್ಲ. ಪ್ರೌಢಶಾಲೆಯ ಬೆಂಚು ಆ ಕಲ್ಪನೆಯ ಬಡವಾದ, ಆದರೆ ದಿನನಿತ್ಯದ ರೂಪ. ಇಂಡಿಯ ಬಸ್ಸಿನಿಂದಲೋ ಸಿಂದಗಿಯ ಹಾದಿಯ ಸೈಕಲಿನಿಂದಲೋ ಇಳಿದು, ತನ್ನದೇ ಸೀಮೆಯ ಕನ್ನಡದಲ್ಲಿ ಗೆಳತಿಯೊಡನೆ ಹರಟಿ, ಮೆಚ್ಚಿದವನ ಕಡೆಗೊಮ್ಮೆ ನೋಡಿ, ಅನಂತರ ಪರೀಕ್ಷೆಯ ಕೋಣೆಗೆ ಹೋಗಿ ಕೊನೆಯ ಉತ್ತರವನ್ನೂ ಬರೆದು ಮುಗಿಸುವ ಹುಡುಗಿಯ ಚಿತ್ರ ಕನ್ನಡಕ್ಕೆ ಬರಬೇಕಾಗಿದೆ. ಅದು ಬಂದ ದಿನ, ಎಂಟನೆಯ ತರಗತಿಗೇ ಶಾಲೆ ಬಿಟ್ಟವರೂ ಅದನ್ನು ತಮ್ಮ ಕಥೆಯೆಂದೇ ನೋಡುವರು.